ಸ್ವೆನ್ ವಿಂಗ್‌ಕ್ವಿಸ್ಟ್: ಬಟ್ಟೆ ಗಿರಣಿಯಿಂದ ವಿಮಾನದ ರೆಕ್ಕೆಯವರೆಗೆ

ಚಿಕ್ಕಂದಿನಲ್ಲಿ ನೀವು ಬೇರಿಂಗ್ ಗಾಡಿ ಓಡಿಸಿದ್ದೀರಾ? ಗ್ಯಾರೇಜಿನವರು ಬಿಸಾಡಿದ ಮೂರು ಹಳೆಯ ಬೇರಿಂಗ್, ಒಂದು ಹಲಗೆ, ಎರಡು ಮೊಳೆ, ಒಂದು ಇಳಿಜಾರು ರಸ್ತೆ. ಇಷ್ಟು ಸಿಕ್ಕರೆ ಆ ದಿನ ಹೋಮ್‌ವರ್ಕ್ ಯಾರಿಗೂ ನೆನಪಾಗುತ್ತಿರಲಿಲ್ಲ. ಸೈಕಲ್ ಶಾಪಿನಲ್ಲಿ ಚಕ್ರದ ಹಬ್ ಬಿಚ್ಚಿ, ಪುಟ್ಟ ಉಕ್ಕಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ಮೆತ್ತಿ ಮತ್ತೆ ಜೋಡಿಸುವುದನ್ನೂ ನೀವು ನೋಡಿರುತ್ತೀರಿ. ಉರ್ದು ಮಾತನಾಡುವ ಮೆಕ್ಯಾನಿಕ್‌ಗಳು ಆ ಗುಂಡುಗಳಿಗೆ ಛರ್ರೆ ಎನ್ನುತ್ತಾರೆ. ಆ ಛರ್ರೆಗಳ ಹತ್ತಿರದ ಸಂಬಂಧಿಗಳೇ ಇಂದು ವಿಮಾನದ ರೆಕ್ಕೆಯೊಳಗೂ, ಜೆಟ್ ಎಂಜಿನ್ನಿನ ಒಡಲಲ್ಲೂ ಕುಳಿತಿವೆ.

ಭಾಷೆ ಕಲಿಸುವ ಶಿಕ್ಷಕನಿಗೆ ಬೇರಿಂಗ್ ಗೊಡವೆ ಯಾಕೆ ಎಂದು ನೀವು ಕೇಳಬಹುದು. ನನ್ನ ಬಳಿ ಕನ್ನಡ ಕಲಿತು ಈಗ ಡಿಪ್ಲೊಮಾ ಓದುತ್ತಿರುವ ಒಬ್ಬ ಹುಡುಗ ಕಳೆದ ವರ್ಷ ತನ್ನ ಪುಸ್ತಕ ಹಿಡಿದುಕೊಂಡು ಬಂದ. ವಿಮಾನಗಳಲ್ಲಿ ಬಳಸುವ ಬೇರಿಂಗ್‌ಗಳ ವಿಧಗಳು ಮತ್ತು ಅವುಗಳ ಆಯ್ಕೆ ಎಂಬ ಪಾಠ ಅವನಿಗೆ ತಲೆಗೆ ಹತ್ತಿರಲಿಲ್ಲ. ಪದಗಳ ಅರ್ಥ ಹೇಳಿಕೊಟ್ಟೆ, ಆದರೂ ಅವನ ಮುಖದ ಗೊಂದಲ ಹೋಗಲಿಲ್ಲ. ಆಮೇಲೆ ನಾನೇ ಕುಳಿತು ಓದಿದೆ. ಓದುತ್ತ ಹೋದಂತೆ ಆ ಪಾಠದ ಹಿಂದೆ ಒಬ್ಬ ಮನುಷ್ಯನ ಬದುಕಿದೆ ಎಂದು ತಿಳಿಯಿತು. ಆ ಬದುಕನ್ನು ಮೊದಲು ಹೇಳಿದ್ದರೆ ಪಾಠ ತಾನಾಗಿ ಅರ್ಥವಾಗುತ್ತಿತ್ತೇನೋ. ಆದ್ದರಿಂದ ಈ ಲೇಖನ ಆ ಹುಡುಗನಿಗೂ ನಿಮಗೂ ಸೇರಿದ್ದು.

ಆ ಮನುಷ್ಯ ಸ್ವೀಡನ್ ದೇಶದ ಸ್ವೆನ್ ವಿಂಗ್‌ಕ್ವಿಸ್ಟ್. ಹುಟ್ಟಿದ್ದು 1876ರ ಡಿಸೆಂಬರ್ 10ರಂದು, ಕುಮ್ಲಾ ಎಂಬ ಊರಿನಲ್ಲಿ. ಓರೆಬ್ರೊ ಪಟ್ಟಣದ ತಾಂತ್ರಿಕ ಶಾಲೆಯಲ್ಲಿ 1894ರಲ್ಲಿ ಓದು ಮುಗಿಸಿದರು. ಆಗ ಅವರಿಗೆ ಹದಿನೇಳು ವರ್ಷ. ನಂತರ ಜವಳಿ ಯಂತ್ರಗಳ ವಿದ್ಯೆ ಕಲಿತು, ಅಮೆರಿಕಕ್ಕೆ ಹೋಗಿ ಕೈಕೆಲಸದ ಅನುಭವ ಪಡೆದು ಬಂದರು. 1899ರಲ್ಲಿ ಗೋಥೆನ್‌ಬರ್ಗ್ ನಗರದ ಗಾಮ್ಲೆಸ್ತಾದೆನ್ ಎಂಬಲ್ಲಿದ್ದ ದೊಡ್ಡ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕೆ ಸೇರಿದರು. ಏನು ಕೆಲಸ ಅಂತೀರಿ? ಯಂತ್ರಗಳು ನಿಲ್ಲದಂತೆ ನೋಡಿಕೊಳ್ಳುವುದು, ಕೆಟ್ಟರೆ ರಿಪೇರಿ ಮಾಡುವುದು. ನಮ್ಮಲ್ಲಿ ಮೇಂಟೆನೆನ್ಸ್ ಎಂದರೆ ಮೂಗು ಮುರಿಯುವ ಪದವೀಧರರಿದ್ದಾರೆ. ವಿಂಗ್‌ಕ್ವಿಸ್ಟ್ ಎಂಟು ವರ್ಷ ಅದನ್ನೇ ಮಾಡಿದರು.

ಆ ಕಾಲದ ಗಿರಣಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಪ್ರತಿ ಮಗ್ಗಕ್ಕೂ ಬೇರೆ ಬೇರೆ ಮೋಟಾರು ಇರಲಿಲ್ಲ. ಮಾಡಿನ ಕೆಳಗೆ ಕಟ್ಟಡದ ಈ ತುದಿಯಿಂದ ಆ ತುದಿಯವರೆಗೆ ಉದ್ದನೆಯ ಕಬ್ಬಿಣದ ಶಾಫ್ಟ್ ತಿರುಗುತ್ತಿತ್ತು. ಅದರಿಂದ ಚರ್ಮದ ಬೆಲ್ಟುಗಳು ಇಳಿದು ಬಂದು ಒಂದೊಂದು ಯಂತ್ರವನ್ನು ತಿರುಗಿಸುತ್ತಿದ್ದವು. ಹಳೆಯ ಹಿಟ್ಟಿನ ಗಿರಣಿ ನೋಡಿದವರಿಗೆ ಇದರ ಚಿಕ್ಕ ರೂಪ ಗೊತ್ತು. ಆ ಶಾಫ್ಟನ್ನು ಅಲ್ಲಲ್ಲಿ ಬೇರಿಂಗ್‌ಗಳು ಹಿಡಿದಿರುತ್ತಿದ್ದವು. ಎಲ್ಲ ಬೇರಿಂಗ್‌ಗಳೂ ಒಂದೇ ಗೆರೆಯಲ್ಲಿ ಇದ್ದರೆ ಶಾಫ್ಟ್ ಸಲೀಸಾಗಿ ತಿರುಗುತ್ತದೆ.

ಗೋಥೆನ್‌ಬರ್ಗ್‌ನಲ್ಲಿ ಅದೇ ಆಗುತ್ತಿರಲಿಲ್ಲ. ಅಲ್ಲಿನ ನೆಲ ಜೇಡಿಮಣ್ಣು. ಭಾರವಾದ ಕಟ್ಟಡ ಮೆಲ್ಲಮೆಲ್ಲಗೆ ಕುಸಿಯುತ್ತಿತ್ತು, ಅದೂ ಎಲ್ಲ ಕಡೆ ಸಮನಾಗಿ ಅಲ್ಲ. ಒಂದು ಕಂಬ ಕೂದಲೆಳೆಯಷ್ಟು ಇಳಿದರೂ ಅದರ ಮೇಲಿನ ಬೇರಿಂಗ್ ಗೆರೆ ತಪ್ಪುತ್ತಿತ್ತು, ಶಾಫ್ಟ್ ವಾಲುತ್ತಿತ್ತು. ವಾಲಿದ ಶಾಫ್ಟ್ ಬೇರಿಂಗಿನ ಒಂದು ಅಂಚನ್ನೇ ಒತ್ತುತ್ತದೆ. ಆಗ ಅದು ಬಿಸಿಯಾಗಿ, ಸವೆದು, ಕಡೆಗೆ ಒಡೆಯುತ್ತದೆ. ಹೊಸದನ್ನು ತರಿಸೋಣವೆಂದರೆ ಒಳ್ಳೆಯ ಬಾಲ್ ಬೇರಿಂಗ್ ಬರಬೇಕಾದದ್ದು ಜರ್ಮನಿಯಿಂದ. ಅದು ಬಂದು ಮುಟ್ಟುವವರೆಗೆ ಯಂತ್ರ ನಿಂತಿರುತ್ತಿತ್ತು, ನಷ್ಟ ಗಿರಣಿಗೆ, ಬೈಗುಳ ರಿಪೇರಿಯವನಿಗೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಬಾಲ್ ಬೇರಿಂಗನ್ನು ಕಂಡುಹಿಡಿದವರು ವಿಂಗ್‌ಕ್ವಿಸ್ಟ್ ಅಲ್ಲ. ವೇಲ್ಸ್ ದೇಶದ ಫಿಲಿಪ್ ವಾನ್ 1794ರಲ್ಲೇ ಗಾಡಿಯ ಅಚ್ಚಿಗೆ ಗುಂಡುಗಳನ್ನು ಹಾಕುವ ಪೇಟೆಂಟ್ ಪಡೆದಿದ್ದರು. ಜರ್ಮನಿಯ ಷ್ವೈನ್‌ಫರ್ಟ್ ಊರಿನ ಫ್ರೆಡ್ರಿಕ್ ಫಿಷರ್ 1883ರಲ್ಲಿ ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಉಜ್ಜುವ ಯಂತ್ರ ಮಾಡಿದರು. ಷ್ವೈನ್‌ಫರ್ಟ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಜರ್ಮನಿಯ ಪ್ರೊಫೆಸರ್ ಸ್ಟ್ರಿಬೆಕ್ ಬೇರಿಂಗ್ ಎಷ್ಟು ಭಾರ ತಾಳುತ್ತದೆ ಎಂದು ಪ್ರಯೋಗ ಮಾಡಿ ಬರೆದಿದ್ದರು. ವಿಂಗ್‌ಕ್ವಿಸ್ಟ್ ಹಗಲು ಗಿರಣಿಯ ಕೆಲಸ ಮಾಡುತ್ತ ಇಂಥ ಬರಹಗಳನ್ನು ಹುಡುಕಿ ಅಭ್ಯಾಸ ಮಾಡಿದರು. ಅವರಿಗೆ ಬೇಕಾಗಿದ್ದುದು ಒಂದೇ ಪ್ರಶ್ನೆಗೆ ಉತ್ತರ. ಕಟ್ಟಡ ಕುಸಿಯುವುದನ್ನು ತಡೆಯಲಾಗದು, ಶಾಫ್ಟ್ ವಾಲುವುದೂ ತಪ್ಪದು. ಹಾಗಿದ್ದರೆ ಶಾಫ್ಟಿನ ಜೊತೆ ತಾನೂ ವಾಲಿಕೊಳ್ಳುವ ಬೇರಿಂಗ್ ಮಾಡಲು ಬಾರದೇ?

ಮೊದಲು ಒಂದೇ ಸಾಲು ಗುಂಡುಗಳಿರುವ ನಮೂನೆ ಮಾಡಿದರು. ಅದು ವಾಲುತ್ತಿತ್ತು, ಆದರೆ ಪಕ್ಕದಿಂದ ಬರುವ ಒತ್ತಡವನ್ನು ತಾಳುತ್ತಿರಲಿಲ್ಲ. 1907ರಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಸಿದ್ಧವಾಯಿತು. ಅದರ ಗುಟ್ಟು ಇಷ್ಟೇ. ಬೇರಿಂಗಿಗೆ ಒಳಬಳೆ, ಹೊರಬಳೆ ಎಂದು ಎರಡು ಬಳೆಗಳು, ನಡುವೆ ಗುಂಡುಗಳು. ಸಾಮಾನ್ಯ ಬೇರಿಂಗಿನ ಎರಡು ಬಳೆಗಳಲ್ಲೂ ಗುಂಡು ಕೂರುವ ಕಾಲುವೆ ಇರುತ್ತದೆ. ವಿಂಗ್‌ಕ್ವಿಸ್ಟ್ ಒಳಬಳೆಯಲ್ಲಿ ಮಾತ್ರ ಎರಡು ಕಾಲುವೆ ಇಟ್ಟು, ಹೊರಬಳೆಯ ಒಳಮೈಯನ್ನು ಒಂದು ಚೆಂಡಿನ ಒಳಮೈಯಂತೆ ನುಣ್ಣಗೆ ಬಾಗಿಸಿದರು. ಆಗ ಒಳಬಳೆ, ಗುಂಡುಗಳು, ಶಾಫ್ಟ್ ಮೂರೂ ಸೇರಿ ಹೊರಬಳೆಯೊಳಗೆ ಎರಡು ಮೂರು ಡಿಗ್ರಿ ಯಾವ ಕಡೆಗೆ ಬೇಕಾದರೂ ವಾಲಬಹುದು, ತಿರುಗುವುದಕ್ಕೆ ತೊಂದರೆಯಿಲ್ಲ. ಎರಡು ಅಂಗೈ ಬೊಗಸೆ ಮಾಡಿ ಅದರಲ್ಲಿ ಒಂದು ಚೆಂಡು ಇಟ್ಟು ಆಡಿಸಿ ನೋಡಿ, ತಕ್ಷಣ ತಿಳಿಯುತ್ತದೆ. ನಾನು ಆ ಹುಡುಗನಿಗೆ ಹೀಗೆಯೇ ತೋರಿಸಿದೆ.

1907ರ ಫೆಬ್ರವರಿ 16ರಂದು ಗಿರಣಿಯ ಮಾಲೀಕರ ಬೆಂಬಲದಿಂದಲೇ ಹೊಸ ಕಂಪನಿ ಸ್ಥಾಪನೆಯಾಯಿತು. ಅದರ ಸ್ವೀಡಿಷ್ ಹೆಸರಿನ ಅರ್ಥ ಸ್ವೀಡನ್ನಿನ ಬಾಲ್ ಬೇರಿಂಗ್ ಕಾರ್ಖಾನೆ ಎಂದು. ಆ ಹೆಸರಿನ ಮೊದಲಕ್ಷರಗಳೇ ನಾವು ಆಟೋಮೊಬೈಲ್ ಅಂಗಡಿಗಳ ಬೋರ್ಡಿನಲ್ಲಿ ಕಾಣುವ ಎಸ್‌ಕೆಎಫ್. ಮೂವತ್ತು ವರ್ಷದ ರಿಪೇರಿ ಎಂಜಿನಿಯರ್ ಅದರ ಮ್ಯಾನೇಜಿಂಗ್ ಡೈರೆಕ್ಟರ್ ಆದರು. ಅವರು ಕಾರ್ಖಾನೆಯಲ್ಲಿ ಕೂತವರಲ್ಲ, ದೇಶದೇಶ ಸುತ್ತಿ ಗಿರಾಕಿಗಳನ್ನು ಹುಡುಕಿದರು. 1911ರಲ್ಲಿ ಇಂಗ್ಲೆಂಡಿನ ಲೂಟನ್‌ನಲ್ಲಿ ಕಾರ್ಖಾನೆ ಬಂತು. ಬೇರಿಂಗಿನ ಆಯುಷ್ಯ ಉಕ್ಕಿನ ಶುದ್ಧತೆಯ ಮೇಲೆ ನಿಂತಿದೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕಾಗಿ 1916ರಲ್ಲಿ ಹೂಫೋರ್ಸ್ ಎಂಬಲ್ಲಿನ ಉಕ್ಕಿನ ಕಾರ್ಖಾನೆಯನ್ನೇ ಕಂಪನಿ ಕೊಂಡಿತು. ವೋಲ್ವೊ ಬಸ್ಸಿನಲ್ಲಿ ಕೂತವರು ಇದನ್ನೂ ಕೇಳಿ. ವೋಲ್ವೊ ಎಂಬುದು 1915ರಲ್ಲಿ ಇದೇ ಕಂಪನಿ ಬೇರಿಂಗಿಗಾಗಿ ನೋಂದಾಯಿಸಿದ ಹೆಸರು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ನಾನು ಉರುಳುತ್ತೇನೆ ಎಂದು. ಆ ಹೆಸರಿನ ಮೊದಲ ಕಾರು ಹೊರಬಂದದ್ದು 1927ರಲ್ಲಿ. ಭಾರತದಲ್ಲಿ ಎಸ್‌ಕೆಎಫ್ ವ್ಯಾಪಾರ 1923ರಲ್ಲೇ ಆರಂಭವಾಯಿತು, ಮುಂದೆ ನಮ್ಮ ಬೆಂಗಳೂರಿನ ಬೊಮ್ಮಸಂದ್ರದಲ್ಲೂ ಅದರ ಕಾರ್ಖಾನೆ ಎದ್ದಿತು.

ಈಗ ವಿಮಾನಕ್ಕೆ ಬರೋಣ. ಗಿರಣಿಯ ಕಟ್ಟಡ ವರ್ಷಗಳಲ್ಲಿ ಕುಸಿಯುತ್ತಿತ್ತು. ವಿಮಾನದ ರೆಕ್ಕೆ ಪ್ರತಿ ಹಾರಾಟದಲ್ಲೂ ಬಾಗುತ್ತದೆ. ಕಿಟಕಿ ಪಕ್ಕ ಕೂತವರು ಗಾಳಿ ಜೋರಿದ್ದಾಗ ರೆಕ್ಕೆಯ ತುದಿ ಮೇಲೆ ಕೆಳಗೆ ಆಡುವುದನ್ನು ನೋಡಿ ಹೆದರಿರಬಹುದು. ಹೆದರಬೇಡಿ, ಅದು ಬಾಗಲೆಂದೇ ಮಾಡಿದ್ದು. ಆದರೆ ರೆಕ್ಕೆಯ ಅಂಚಿನ ಚಲಿಸುವ ಪಟ್ಟಿಗಳನ್ನು ಆಡಿಸುವ ಸರಳುಗಳು, ತಿರುಗುವ ಕೊಳವೆಗಳು ಆ ಬಾಗುವ ರೆಕ್ಕೆಯೊಳಗೇ ಹಾದುಹೋಗುತ್ತವೆ. ಅವನ್ನು ಹಿಡಿದ ಬೇರಿಂಗ್ ಬಿಗಿಯಾಗಿದ್ದರೆ ಸರಳು ಸಿಕ್ಕಿಹಾಕಿಕೊಳ್ಳುತ್ತದೆ, ಪೈಲಟ್‌ನ ಕೈಗೆ ವಿಮಾನ ಬಗ್ಗುವುದಿಲ್ಲ. ಜೇಡಿಮಣ್ಣಿನ ಮೇಲೆ ಹುಟ್ಟಿದ ಉಪಾಯಕ್ಕೆ ಆಕಾಶದಲ್ಲಿ ಕೆಲಸ ಸಿಕ್ಕಿದ್ದು ಹೀಗೆ. ತಾನಾಗಿ ವಾಲುವ ಎರಡು ಸಾಲಿನ ಬಾಲ್ ಬೇರಿಂಗ್ ಇಂಥ ಜಾಗಗಳಲ್ಲಿ ಬಳಕೆಗೆ ಬಂತು.

ವಿದ್ಯಾರ್ಥಿಗಳು ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು, ಪರೀಕ್ಷೆಗೂ ಉಪಯೋಗ. ಗಿರಣಿಯ ಶಾಫ್ಟ್ ದಿನವಿಡೀ ಸುತ್ತುತ್ತದೆ. ವಿಮಾನದ ನಿಯಂತ್ರಣ ಸರಳಿನ ಬೇರಿಂಗ್ ಪೂರ್ತಿ ಒಂದು ಸುತ್ತೂ ಸುತ್ತುವುದಿಲ್ಲ, ಸ್ವಲ್ಪ ಅತ್ತ ಸ್ವಲ್ಪ ಇತ್ತ ಆಡುತ್ತದೆ ಅಷ್ಟೇ. ಆದರೆ ಒಮ್ಮೆಲೇ ಬೀಳುವ ಭಾರ ದೊಡ್ಡದು. ಅದಕ್ಕಾಗಿ ಅಲ್ಲಿ ಗುಂಡುಗಳನ್ನು ಬೇರ್ಪಡಿಸುವ ಪಂಜರವನ್ನು ತೆಗೆದು, ಹಿಡಿಸುವಷ್ಟೂ ಗುಂಡು ತುಂಬುತ್ತಾರೆ. ಒಳಗೆ ಗ್ರೀಸು ತುಂಬಿ ಎರಡು ಬದಿ ಮುಚ್ಚುತ್ತಾರೆ. ಆರಿಸುವಾಗ ವೇಗವನ್ನು ನೋಡುವುದಿಲ್ಲ, ನಿಂತಲ್ಲಿ ಎಷ್ಟು ಭಾರ ತಾಳುತ್ತದೆ ಎಂಬುದನ್ನು ನೋಡುತ್ತಾರೆ. ಸರಳಿನ ತುದಿಗಳಲ್ಲಿ ಗುಂಡುಗಳೇ ಇಲ್ಲದ, ಒಂದು ಬಟ್ಟಲಿನಲ್ಲಿ ಒಂದು ಉಂಡೆ ಕೂತ ಹಾಗಿರುವ ಬೇರಿಂಗೂ ಇದೆ. ಅದಕ್ಕೆ ಜಾರುವ ಟೆಫ್ಲಾನ್ ಅಸ್ತರಿ ಕೊಟ್ಟರೆ ಗ್ರೀಸೂ ಬೇಡ.

ಗಾಲಿಗಳ ಕಥೆ ಬೇರೆ. ವಿಮಾನ ಇಳಿಯುವಾಗ ಮೇಲಿನ ಭಾರವೂ ಉಂಟು, ತಿರುವಿನಲ್ಲಿ ಪಕ್ಕದ ಒತ್ತಡವೂ ಉಂಟು. ಅಲ್ಲಿಗೆ ಗುಂಡು ಸಾಲದು. ಅಮೆರಿಕದ ಹೆನ್ರಿ ಟಿಮ್ಕನ್ 1898ರಲ್ಲಿ ಪೇಟೆಂಟ್ ಪಡೆದ, ಒಂದು ತುದಿ ಸಣ್ಣಗಾದ ರೋಲರ್‌ಗಳ ಬೇರಿಂಗನ್ನು ಎದುರುಬದುರಾಗಿ ಜೋಡಿ ಹಾಕುತ್ತಾರೆ. ಲಾರಿ ಗಾಲಿಯಲ್ಲೂ ಅದೇ ಉಪಾಯ.

ಜೆಟ್ ಎಂಜಿನ್ ಎಲ್ಲಕ್ಕಿಂತ ಕಠಿಣ ಜಾಗ. ಅದರ ಉದ್ದನೆಯ ಶಾಫ್ಟ್ ಮುಂದಕ್ಕೋ ಹಿಂದಕ್ಕೋ ಜಾರದಂತೆ ತಡೆಯಲು ಒಂದು ಕಡೆ ಬಾಲ್ ಬೇರಿಂಗ್ ಇಡುತ್ತಾರೆ. ಉಳಿದ ಕಡೆ ನೇರ ರೋಲರ್‌ಗಳು. ಯಾಕೆ? ಎಂಜಿನ್ ಕಾದಾಗ ಶಾಫ್ಟ್ ಉದ್ದವಾಗುತ್ತದೆ. ಎರಡೂ ತುದಿ ಬಿಗಿಹಿಡಿದರೆ ಅದಕ್ಕೆ ಹಿಗ್ಗಲು ಜಾಗವಿಲ್ಲ. ರೋಲರ್ ಬೇರಿಂಗಿನಲ್ಲಿ ಶಾಫ್ಟ್ ಸ್ವಲ್ಪ ಜರುಗಬಹುದು. ಕಾರಿನ ಎಂಜಿನ್ನಿನಂತೆ ಎಣ್ಣೆಯ ಪದರದ ಮೇಲೆ ತೇಲುವ ಸಾದಾ ಬೇರಿಂಗ್ ಇಲ್ಲಿ ಯಾಕಿಲ್ಲ ಎಂದರೆ, ಅದಕ್ಕೆ ಎಣ್ಣೆ ಹೆಚ್ಚು ಬೇಕು, ಶುರುವಿನಲ್ಲಿ ತಿರುಗಿಸಲು ಬಲವೂ ಹೆಚ್ಚು ಬೇಕು. ಕೀಲೆಣ್ಣೆ ಒಂದು ಕ್ಷಣ ನಿಂತರೆ ಹಿಡಿದುಕೊಂಡು ಬಿಡುತ್ತದೆ. ಗುಂಡು, ರೋಲರ್‌ಗಳು ಸ್ವಲ್ಪ ಹೊತ್ತಾದರೂ ತಾಳಿಕೊಳ್ಳುತ್ತವೆ. ಸಾಮಾನ್ಯ ಬೇರಿಂಗ್ ಉಕ್ಕು ಅಷ್ಟು ಬಿಸಿಗೆ ಮೆತ್ತಗಾಗುವುದರಿಂದ, ಮಾಲಿಬ್ಡಿನಂ, ಕ್ರೋಮಿಯಂ, ವೆನೇಡಿಯಂ ಬೆರೆಸಿ ನಿರ್ವಾತದಲ್ಲಿ ಕರಗಿಸಿದ ಎಂ-50 ಎಂಬ ಉಕ್ಕನ್ನು ಬಳಸುತ್ತಾರೆ. ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲೂ ಗಡಸುತನ ಬಿಡುವುದಿಲ್ಲ.

ವಿಂಗ್‌ಕ್ವಿಸ್ಟ್ ಅವರ ಬೇರಿಂಗಿಗೂ ಒಂದು ಮಿತಿ ಇತ್ತು. ಬಾಗಿದ ಹೊರಬಳೆಯಲ್ಲಿ ಗುಂಡು ತಾಗುವ ಜಾಗ ಬಹಳ ಚಿಕ್ಕದು, ಹೀಗಾಗಿ ದೊಡ್ಡ ಭಾರ ಹೊರಲಾರದು. ಅವರ ಕಂಪನಿಯಲ್ಲೇ ಇದ್ದ ಆರ್ವಿಡ್ ಪಾಮ್‌ಗ್ರೆನ್ ಎಂಬ ತರುಣ 1919ರಲ್ಲಿ ಗುಂಡಿನ ಬದಲು ಪೀಪಾಯಿ ಆಕಾರದ ರೋಲರ್ ಹಾಕಿ ಆ ಕೊರತೆ ನೀಗಿಸಿದರು. ಇದೇ ಪಾಮ್‌ಗ್ರೆನ್ 1924ರಲ್ಲಿ ಬೇರಿಂಗಿನ ಆಯುಷ್ಯ ಲೆಕ್ಕ ಹಾಕುವ ಸೂತ್ರ ಪ್ರಕಟಿಸಿದರು. ಒಂದೇ ತರದ ಎಲ್ಲ ಬೇರಿಂಗೂ ಒಂದೇ ದಿನ ಕೆಡುವುದಿಲ್ಲ. ನೂರರಲ್ಲಿ ತೊಂಬತ್ತು ಎಷ್ಟು ಸುತ್ತು ತಾಳುತ್ತವೆಯೋ ಅದನ್ನು ಆಯುಷ್ಯ ಎಂದು ಹಿಡಿಯುವುದು ರೂಢಿಯಾಯಿತು. ಬಾಲ್ ಬೇರಿಂಗ್ ಮೇಲೆ ಭಾರ ಎರಡರಷ್ಟಾದರೆ ಆಯುಷ್ಯ ಅರ್ಧಕ್ಕೆ ಇಳಿಯುವುದಿಲ್ಲ, ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ! ಓವರ್‌ಲೋಡ್ ಲಾರಿಗಳ ಮಾಲೀಕರಿಗೆ ಇದನ್ನು ಯಾರಾದರೂ ಹೇಳಬೇಕು.

ವಿಂಗ್‌ಕ್ವಿಸ್ಟ್ 1919ರಲ್ಲಿ ಮ್ಯಾನೇಜಿಂಗ್ ಡೈರೆಕ್ಟರ್ ಸ್ಥಾನ ಬಿಟ್ಟರು. ಆದರೆ ಸ್ವೀಡನ್ನಿನ ಉದ್ಯಮ ರಂಗದಲ್ಲಿ ದೊಡ್ಡ ಹೆಸರಾಗಿಯೇ ಉಳಿದರು. ಬೋಫೋರ್ಸ್ ಕಂಪನಿಯ ಆಡಳಿತ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಹೌದು, ಫಿರಂಗಿಯ ಬೋಫೋರ್ಸ್. ನಮ್ಮ ದೇಶದಲ್ಲಿ ಗದ್ದಲವೆಬ್ಬಿಸಿದ ವ್ಯವಹಾರ 1980ರ ದಶಕದ್ದು, ಅದಕ್ಕೂ ಇವರಿಗೂ ಸಂಬಂಧವಿಲ್ಲ.

ಇನ್ನು ಈ ಕಥೆಯ ಕಹಿ ಪುಟ. ಇದನ್ನು ಮುಚ್ಚಿಟ್ಟು ಬರೆದರೆ ಓದುಗರಿಗೆ ಮೋಸ ಮಾಡಿದಂತೆ. ಎರಡನೇ ಮಹಾಯುದ್ಧದಲ್ಲಿ ಸ್ವೀಡನ್ ತಟಸ್ಥ ದೇಶ. ಆದರೆ ವಿಮಾನ, ಟ್ಯಾಂಕ್, ಟ್ರಕ್ ಯಾವುದೂ ಬೇರಿಂಗ್ ಇಲ್ಲದೆ ಕದಲುವುದಿಲ್ಲ, ಹಾಗಾಗಿ ಯುದ್ಧ ಮಾಡುವ ಎರಡೂ ಕಡೆಯವರಿಗೂ ಗೋಥೆನ್‌ಬರ್ಗ್ ಬೇಕಿತ್ತು. 1941ರ ಜನವರಿಯಲ್ಲಿ ನಾರ್ವೆಯ ಐದು ಹಡಗುಗಳು ಬೇರಿಂಗ್, ಉಕ್ಕು, ಯಂತ್ರಗಳನ್ನು ಹೇರಿಕೊಂಡು ಜರ್ಮನ್ ಕಾವಲನ್ನು ತಪ್ಪಿಸಿ ಬ್ರಿಟನ್ ತಲುಪಿದವು. ಆಮೇಲೆ ಬ್ರಿಟಿಷರು ಆಯುಧವಿಲ್ಲದ ಮಾಸ್ಕಿಟೊ ವಿಮಾನಗಳನ್ನು ಸ್ಕಾಟ್‌ಲೆಂಡ್ ಮತ್ತು ಸ್ಟಾಕ್‌ಹೋಮ್ ನಡುವೆ ಹಾರಿಸಿ ಬೇರಿಂಗ್ ಹೊತ್ತೊಯ್ದರು. ಕೆಲವೊಮ್ಮೆ ಬಾಂಬ್ ಇಡುವ ಜಾಗದಲ್ಲಿ ಒಬ್ಬ ಪ್ರಯಾಣಿಕ ಮಲಗಿರುತ್ತಿದ್ದ. 1943ರ ಅಕ್ಟೋಬರಿನಲ್ಲಿ ವಿಜ್ಞಾನಿ ನೀಲ್ಸ್ ಬೋರ್ ಹೀಗೆಯೇ ಪಾರಾದರು, ದಾರಿಯಲ್ಲಿ ಆಮ್ಲಜನಕ ಸಿಗದೆ ಪ್ರಜ್ಞೆ ತಪ್ಪಿದ್ದರೂ ಬದುಕಿದರು.

ಅತ್ತ ಜರ್ಮನಿಯ ಬೇರಿಂಗ್ ಕೇಂದ್ರ ಅದೇ ಷ್ವೈನ್‌ಫರ್ಟ್. ಅಲ್ಲಿನ ದೊಡ್ಡ ಕಾರ್ಖಾನೆಗಳಲ್ಲಿ ಒಂದು ಗುಂಪು ಎಸ್‌ಕೆಎಫ್‌ಗೇ ಸೇರಿದ್ದು. 1943ರ ಆಗಸ್ಟ್ 17ರಂದು ಅಮೆರಿಕದ ಬಿ-17 ಬಾಂಬರ್‌ಗಳು ಷ್ವೈನ್‌ಫರ್ಟ್ ಮತ್ತು ರೇಗನ್ಸ್‌ಬರ್ಗ್ ಮೇಲೆ ದಾಳಿ ಮಾಡಿ 60 ವಿಮಾನ ಕಳೆದುಕೊಂಡವು. ಅಕ್ಟೋಬರ್ 14ರಂದು ಮತ್ತೆ ಷ್ವೈನ್‌ಫರ್ಟ್ ಮೇಲೆ ಹೋದವು, ಮತ್ತೆ 60 ವಿಮಾನ ಹೋದವು. ಒಂದೊಂದರಲ್ಲೂ ಹತ್ತು ಜನ ಸಿಬ್ಬಂದಿ. ಲೆಕ್ಕ ನೀವೇ ಮಾಡಿ. ಕೆಳಗೆ ಸತ್ತ ಊರಿನವರ ಲೆಕ್ಕ ಬೇರೆ. ಅದೇ ಕಂಪನಿಯ ಫಿಲಡೆಲ್ಫಿಯಾ ಕಾರ್ಖಾನೆ ಅಮೆರಿಕಕ್ಕೆ ಬೇರಿಂಗ್ ಮಾಡುತ್ತಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಜರ್ಮನರು ಕಾರ್ಖಾನೆಗಳನ್ನು ಬೇರೆ ಊರುಗಳಿಗೆ ಹಂಚಿ, ಸ್ವೀಡನ್ನಿನಿಂದ ತರಿಸಿ ಹೇಗೋ ನಿಭಾಯಿಸಿದರು. ಕೊನೆಗೆ 1944ರಲ್ಲಿ ಅಮೆರಿಕ ಮತ್ತು ಬ್ರಿಟನ್ ಸ್ಟಾಕ್‌ಹೋಮ್‌ನಲ್ಲಿ ಕೂತು ಒತ್ತಡ ಹಾಕಿ, ಪರಿಹಾರವನ್ನೂ ಒಪ್ಪಿ, ಜರ್ಮನಿಗೆ ಹೋಗುವ ಬೇರಿಂಗನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿಸಿದವು.

ಕಂಪನಿಯ ದಿನನಿತ್ಯದ ಆಡಳಿತ ಆಗ ವಿಂಗ್‌ಕ್ವಿಸ್ಟ್ ಕೈಯಲ್ಲಿರಲಿಲ್ಲ. ಆದರೂ ಗಿರಣಿಯ ಮಗ್ಗ ನಿಲ್ಲಬಾರದೆಂದು ಕಂಡುಹಿಡಿದ ವಸ್ತುವಿಗಾಗಿ ಮೇಲೂ ಕೆಳಗೂ ಜನ ಸತ್ತದ್ದನ್ನು ಅವರು ಬದುಕಿರುವಾಗಲೇ ನೋಡಬೇಕಾಯಿತು. ತಟಸ್ಥ ದೇಶದ ಕಾರ್ಖಾನೆ ಬಾಗಿಲು ಮುಚ್ಚಿದರೆ ಕಾರ್ಮಿಕರಿಗೆ ಅನ್ನವಿಲ್ಲ, ತೆರೆದರೆ ಸರಕು ಹಿಟ್ಲರನ ಸೈನ್ಯಕ್ಕೂ ಹೋಗುತ್ತದೆ. ನನ್ನನ್ನು ಕೇಳಿದರೆ, 1944ರವರೆಗೆ ಕಾದದ್ದು ತಪ್ಪು. ನಿಮಗೆ ಬೇರೆ ಅನಿಸಬಹುದು, ತರಗತಿಯಲ್ಲಿ ಚರ್ಚೆಗೆ ಇಡಬಹುದಾದ ವಿಷಯ ಇದು.

ಬೇರಿಂಗ್ ಎಷ್ಟು ಚಿಕ್ಕದೋ ಅದರ ತಪ್ಪು ಅಷ್ಟೇ ದೊಡ್ಡದು ಎಂಬುದಕ್ಕೆ ಇತ್ತೀಚಿನ ಒಂದು ಘಟನೆ ಹೇಳುತ್ತೇನೆ. 2016ರ ಏಪ್ರಿಲ್ 29ರಂದು ನಾರ್ವೆಯ ತೂರಯ್ ದ್ವೀಪದ ಬಳಿ ಒಂದು ಹೆಲಿಕಾಪ್ಟರ್‌ನ ಮುಖ್ಯ ರೆಕ್ಕೆ ಆಕಾಶದಲ್ಲೇ ಕಳಚಿ ಹೋಗಿ 13 ಜನರೂ ಮೃತಪಟ್ಟರು. ಗೇರ್‌ಬಾಕ್ಸಿನ ಒಂದು ಹಲ್ಲುಚಕ್ರದ ಒಳಮೈಯೇ ಪೀಪಾಯಿ ರೋಲರ್‌ಗಳ ಬೇರಿಂಗಿನ ಹೊರಬಳೆಯಾಗಿತ್ತು. ಆ ಮೈಮೇಲೆ ಕಣ್ಣಿಗೆ ಬೀಳದಷ್ಟು ಚಿಕ್ಕ ಕುಳಿಯಲ್ಲಿ ಬಿರುಕು ಹುಟ್ಟಿ ಒಳಗೊಳಗೇ ಬೆಳೆಯಿತು ಎಂದು ತನಿಖೆ ಕಂಡುಕೊಂಡಿತು. ಬೇರಿಂಗ್ ಕೆಡುವಾಗ ಸಾಮಾನ್ಯವಾಗಿ ಲೋಹದ ಚೂರು ಉದುರುತ್ತದೆ, ಎಣ್ಣೆಯಲ್ಲಿಟ್ಟ ಅಯಸ್ಕಾಂತ ಅದನ್ನು ಹಿಡಿದು ಎಚ್ಚರಿಸುತ್ತದೆ. ಇಲ್ಲಿ ಎಚ್ಚರಿಕೆ ಬರುವಷ್ಟು ಚೂರು ಉದುರಲೇ ಇಲ್ಲ. ಅದಕ್ಕೇ ವಿಮಾನದ ಬೇರಿಂಗ್ ಆರಿಸುವವರು ಭಾರ, ವೇಗ, ಬಿಸಿ, ಎಣ್ಣೆ, ವಾಲುವಿಕೆ ಎಲ್ಲವನ್ನೂ ನೋಡಿದ ಮೇಲೂ ಇನ್ನೊಂದು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಇದು ಕೆಡಲು ಶುರುವಾದರೆ ನಮಗೆ ಮೊದಲೇ ತಿಳಿಯುತ್ತದೆಯೇ? ಆ ಹುಡುಗನ ಪುಸ್ತಕದಲ್ಲಿ ಈ ಪ್ರಶ್ನೆ ಇರಲಿಲ್ಲ, ನಾನೇ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟೆ.

1952ರ ಮೇ 2ರಂದು ಕಾಮೆಟ್ ಎಂಬ ಬ್ರಿಟಿಷ್ ಜೆಟ್ ವಿಮಾನ ಲಂಡನ್‌ನಿಂದ ಜೋಹಾನ್ಸ್‌ಬರ್ಗ್‌ಗೆ ಹಣ ಕೊಟ್ಟ ಪ್ರಯಾಣಿಕರನ್ನು ಹೊತ್ತು ಹಾರಿತು. ಜೆಟ್ ಪ್ರಯಾಣದ ಯುಗ ಶುರುವಾದದ್ದು ಅಂದು. ವಿಂಗ್‌ಕ್ವಿಸ್ಟ್ ಅದನ್ನು ಕೇಳುವಷ್ಟು ಕಾಲ ಇದ್ದರು. ಮರುವರ್ಷ, 1953ರ ಏಪ್ರಿಲ್ 17ರಂದು, ಗೋಥೆನ್‌ಬರ್ಗ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 76 ವರ್ಷ. ಅವರ ಎರಡು ಸಾಲಿನ ಬೇರಿಂಗ್ ಇಂದಿಗೂ ಹೆಚ್ಚುಕಡಿಮೆ 1907ರ ಚಿತ್ರದಲ್ಲಿದ್ದ ರೂಪದಲ್ಲೇ ತಯಾರಾಗುತ್ತಿದೆ. ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಅಂಥದೊಂದು ಹಳೆಯ ಬೇರಿಂಗ್ ಸಿಕ್ಕರೆ, ಹೊರಬಳೆಯನ್ನು ಎಡಗೈಯಲ್ಲಿ ಹಿಡಿದು ಒಳಬಳೆಯನ್ನು ಬೆರಳಿನಿಂದ ವಾಲಿಸಿ ನೋಡಿ.